ನಗಾರಿ ನಿಂತ ಮೇಲೆ

ಹೋನ್‌ಶೈಡ್, ಐಫೆಲ್
೪ ಮಾರ್ಚ್ ೧೯೧೭

ಪ್ರೀತಿಯ ಕ್ವಿರಿನ್,

ಕಾಲುಚೀಲ ಕಳಿಸಿದ್ದೇನೆ. ಒಂದು ಬೂದು, ಒಂದು ಕಂದು. ಉಣ್ಣೆ ಇದ್ದದ್ದೇ ಅಷ್ಟು. ದೊಡ್ಡ ಅಧಿಕಾರಿಗಳ ಮುಂದೆ ಬೂಟು ಬಿಚ್ಚಬೇಡ, ಮುಗಿಯಿತು.

ಇಲ್ಲಿ ಮತ್ತೆ ಶುರುವಾಗಿದೆ. ಅಂಗಳದಲ್ಲಿ ನಿಂತರೆ ಏನೂ ಇಲ್ಲ, ಕಾಗೆ ಕೂಗುವುದಷ್ಟೇ ಕೇಳುತ್ತದೆ. ಆಲೂಗಡ್ಡೆಯ ನೆಲಮಾಳಿಗೆಗೆ ಇಳಿದರೆ ಮಾತ್ರ ಗೋಡೆಯೊಳಗಿಂದ ಬರುತ್ತದೆ. ಕೇಳುತ್ತದೆ ಅನ್ನುವುದಕ್ಕಿಂತ ಹಲ್ಲಿಗೆ ತಾಗುತ್ತದೆ ಅನ್ನಬೇಕು. ಬೋಗುಣಿಯಲ್ಲಿ ಹಾಲಿನ ಕೆನೆ ಸಣ್ಣಗೆ ನಡುಗುತ್ತದೆ. ಫ್ರೆಂಚರ ನೆಲದ ಫಿರಂಗಿ ಇಷ್ಟು ದೂರವಿದ್ದೂ ನಮ್ಮ ಕೆನೆಯನ್ನು ಅಲ್ಲಾಡಿಸುತ್ತದೆ ಎಂದರೆ ಏನು ಹೇಳಲಿ.

ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ಪತ್ರಿಕೆ ಓದಿ ಹೇಳುತ್ತಾರೆ. ಸಾಲಿಗೊಂದು ಸಲ ‘ನಗಾರಿಬೆಂಕಿ’ ಅಂತ ಬರುತ್ತದೆ. ಶತ್ರುವಿನ ನಗಾರಿಬೆಂಕಿ, ನಮ್ಮ ನಗಾರಿಬೆಂಕಿ, ಎರಡು ದಿನದ ನಗಾರಿಬೆಂಕಿ. ಅತ್ತೆ ಅಲ್ಲೇ, ಎಲ್ಲರೆದುರಿಗೇ ಶುರುಮಾಡಿದರು. “ನಗಾರಿ ಅಂದ್ರೆ ಹಬ್ಬದ್ದು, ಬೆಂಕಿ ಅಂದ್ರೆ ಒಲೇದು. ಇವೆರಡನ್ನೂ ಗಂಟುಹಾಕಿದ ಪುಣ್ಯಾತ್ಮ ಯಾರಪ್ಪಾ?” ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಅವರಿಗೂ ಗೊತ್ತಿಲ್ಲ ಅನ್ನಿಸಿತು.

ಊರಿನಲ್ಲಿ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ನೆಲಮಾಳಿಗೆಯಲ್ಲಿ ಆ ಸದ್ದು ನಿಂತ ಕೂಡಲೇ ಸರದಿ ಯಾರದಿದೆಯೋ ಅವರು ಗುಡ್ಡದ ಚಿಕ್ಕ ಚರ್ಚಿಗೆ ಓಡಿ ನಮ್ಮ ಗಂಟೆ ಆನ್ನಾಳನ್ನು ಬಾರಿಸಬೇಕು. ಗಂಟೆ ಕೇಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಒಂದು ಸುತ್ತು ಜಪಮಾಲೆ, ದೇವರಿಗೆ ವಂದನೆ, ಮತ್ತೆ ಹಟ್ಟಿಗೆ. ಮನೆಯಿಂದ ಮನೆಗೆ ಸರದಿ ತಿರುಗುತ್ತದೆ. ನಮ್ಮ ಮನೆಯ ಸರದಿ ಇನ್ನೂ ಬಂದಿಲ್ಲ.

ಈಗ ನೇರವಾಗಿ ಹೇಳು. ಆ ಪದದ ಅರ್ಥವೇನು? ನೀನು ಅದರ ಕೆಳಗಿದ್ದೀಯಾ, ಇಲ್ಲವಾ? ಸುತ್ತಿ ಬಳಸಿ ಬರೆದರೆ ಮುಂದಿನ ಸಲ ಕಾಲುಚೀಲವೂ ಇಲ್ಲ.

ನಿನ್ನ ಲೋನಿ


ಯುದ್ಧಭೂಮಿ
೧೩ ಮಾರ್ಚ್ ೧೯೧೭

ನನ್ನ ಲೋನಿ,

ಕಾಲುಚೀಲ ಬೆಚ್ಚಗಿದೆ. ಬೂದು ಬಣ್ಣದ್ದು ಜಾಣ, ಕಂದು ಬಣ್ಣದ್ದು ಸ್ವಲ್ಪ ಸೋಮಾರಿ, ಕೆಳಗೆ ಜಾರುತ್ತದೆ.

ಅಮ್ಮನಿಗೆ ಹೇಳು, ಆ ಪದ ಕಟ್ಟಿದವನು ಎಂದೂ ಛಾವಣಿ ಹತ್ತಿದವನಲ್ಲ. ಹತ್ತಿದ್ದರೆ ಆಲಿಕಲ್ಲಿನ ಹೆಸರು ಇಡುತ್ತಿದ್ದ. ಆಲಿಕಲ್ಲು ಬೀಳಲು ಶುರುವಾದಾಗ ಹೆಂಚಿನ ಮೇಲೆ ಒಂದು, ಎರಡು, ಮೂರು ಅಂತ ಎಣಿಸಬಹುದು. ಆಮೇಲೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಜಾಗವೇ ಇರುವುದಿಲ್ಲ, ಎಲ್ಲ ಸೇರಿ ಒಂದೇ ಸದ್ದಾಗುತ್ತದೆ. ಫಿರಂಗಿಗಳು ಹಾಗೆ, ಯಾವುದು ಯಾರದು ಎಂದು ಬಿಡಿಸಲಾಗದ ಹಾಗೆ ಹೊಡೆದರೆ ಅದು ನಗಾರಿಬೆಂಕಿ. ಅರ್ಥ ಇಷ್ಟೇ. ಬಳಕೆ ಮಾತ್ರ ಪತ್ರಿಕೆಯವರದು. ಅದರ ಕೆಳಗೆ ಕೂತವರು ಆ ಮಾತನ್ನು ಆಡುವುದಿಲ್ಲ, “ಇವತ್ತು ಗಾಳಿ ದಪ್ಪಗಿದೆ” ಅನ್ನುತ್ತಾರೆ. ಹಾಗಂತ ಕೇಳಿದ್ದೇನೆ.

ನಾನು ಅಲ್ಲಿಲ್ಲ. ಛಾವಣಿ ಹೊದಿಸುವವನು ಎಂದು ಕೇಳಿ ನನ್ನನ್ನು ಮುಂಚೂಣಿಯಿಂದ ಹಿಂದಕ್ಕೆ ಹಾಕಿದ್ದಾರೆ. ಅಡುಗೆಮನೆ, ಕುದುರೆಲಾಯ, ಔಷಧಿ ಕೋಣೆ, ಎಲ್ಲದರ ಛಾವಣಿಯೂ ಸೋರುತ್ತದೆ. ಇಲ್ಲಿಯವರಿಗೆ ಹೆಂಚು ತಟ್ಟಿ ನೋಡುವುದೇ ಗೊತ್ತಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೆಯ ಹೆಂಚು ಹಾಡುತ್ತದೆ, ಒಡಕಿನದು ಕೆಮ್ಮುತ್ತದೆ, ಇಷ್ಟೂ ಗೊತ್ತಿಲ್ಲದ ಜನ.

ಹೆಂಚೆಂದ ಕೂಡಲೇ ನೆನಪಾಯಿತು. ಹಟ್ಟಿಯ ಹಿಂದೆ ಜೋಡಿಸಿಟ್ಟ ಕಲ್ಲುಹೆಂಚುಗಳನ್ನು ಯಾರೂ ಮುಟ್ಟಬಾರದು. ಹಟ್ಟಿಯ ಛಾವಣಿಗೆ ಒಂದೊಂದನ್ನೇ ಆರಿಸಿ ಇಟ್ಟಿದ್ದು. ಕೋಸಿನ ಉಪ್ಪಿನಕಾಯಿ ಜಾಡಿಯ ಮೇಲೆ ಭಾರ ಇಡಲು ಅಮ್ಮ ಒಂದನ್ನು ಎತ್ತಿಕೊಂಡಿದ್ದಾಳೆ ಎಂದು ನನಗೆ ಇಲ್ಲಿಂದಲೇ ಗೊತ್ತು. ವಾಪಸ್ ಇಡಲು ಹೇಳು.

ಆನ್ನಾಳ ಗಂಟಲು ಹೇಗಿದೆ? ಆ ಚರ್ಚಿನ ಛಾವಣಿ ಹೊದಿಸಿದ ದಿನ ಅವಳ ಪಕ್ಕದಲ್ಲೇ ಕೂತು ಉಂಡಿದ್ದೆ.

ಕ್ವಿರಿನ್


ಹೋನ್‌ಶೈಡ್
೧ ಏಪ್ರಿಲ್ ೧೯೧೭

ಪ್ರೀತಿಯ ಕ್ವಿರಿನ್,

ನಮ್ಮ ಸರದಿ ಬಂತು! ಸೋಮವಾರದಿಂದ ನೆಲಮಾಳಿಗೆ ಹೊಟ್ಟೆನೋವಿನ ದನದಂತೆ ನರಳುತ್ತಿತ್ತು. ಗುರುವಾರ ಬೆಳಿಗ್ಗೆ ಅತ್ತೆ ಗೋಡೆಗೆ ಕಿವಿ ಹಚ್ಚಿಕೊಂಡು ಕೂತಿದ್ದವರು ಒಮ್ಮೆಲೇ ಕೂಗಿದರು. “ನಿಂತಿತು! ಲೋನಿ, ಓಡೇ!” ನಾನು ಮರದ ಚಪ್ಪಲಿ ಅಂಗಳದಲ್ಲೇ ಬಿಟ್ಟು ಕೆಸರಿನಲ್ಲಿ ಬರಿಗಾಲಲ್ಲಿ ಓಡಿದೆ. ಹಗ್ಗ ಹಿಡಿದು ಎಳೆದರೆ ಆನ್ನಾ ನನ್ನನ್ನೇ ಮೇಲೆತ್ತಿಕೊಂಡಳು. ಅವಳ ಗಂಟಲು ಹಾಗೇ ಇದೆ, ನೆಗಡಿಯಾದ ಅಜ್ಜಿಯಂತೆ.

ಎಲ್ಲರೂ ಬಂದರು. ಕಮ್ಮಾರರ ಮನೆಯಾಕೆ ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಹಿಟ್ಟು ಅಂದರೆ ಗೋಧಿಯದಲ್ಲ, ಟರ್ನಿಪ್ ಗಡ್ಡೆಯದು. ಟರ್ನಿಪ್ ರೊಟ್ಟಿ, ಟರ್ನಿಪ್ ಸಾರು, ಟರ್ನಿಪ್ ಕಾಫಿ. ಪಾದ್ರಿಗಳು ಕೂಡ ಟರ್ನಿಪ್ ಬಣ್ಣಕ್ಕೆ ತಿರುಗಿದ್ದಾರೆ.

ಜಪ ಮಾಡುವಾಗ ನನಗೆ ನಗು ಬರುತ್ತಿತ್ತು, ಅಷ್ಟು ಹಗುರಾಗಿದ್ದೆ. ನಿಂತಿತಲ್ಲ, ಇನ್ನು ಯಾರ ತಲೆಯ ಮೇಲೂ ಬೀಳುವುದಿಲ್ಲವಲ್ಲ ಎಂದುಕೊಂಡೆ. ಛಾವಣಿಯ ಮೇಲೆ ಕೂತ ನಿನಗೂ ಆ ಹೊತ್ತಿಗೆ ಎಷ್ಟು ನೆಮ್ಮದಿಯಾಗಿರಬೇಕು. ಗುರುವಾರ ಬೆಳಿಗ್ಗೆ ನೀನೇನು ಮಾಡುತ್ತಿದ್ದೆ?

ಹೆಂಚು ವಾಪಸ್ ಹೋಗಿದೆ. ಅತ್ತೆ ಹೇಳಿದ್ದು: “ಯುದ್ಧದಲ್ಲಿದ್ದಾನೋ, ನನ್ನ ಜಾಡಿಯೊಳಗಿದ್ದಾನೋ?”

ನಿನ್ನ ಲೋನಿ


ಯುದ್ಧಭೂಮಿ
೨೨ ಏಪ್ರಿಲ್ ೧೯೧೭

ಲೋನಿ,

ತಡವಾಯಿತು. ಪೆನ್ಸಿಲ್ ಕಳೆದಿತ್ತು. ಸ್ವಲ್ಪ ನೆಗಡಿಯೂ ಆಗಿತ್ತು, ಅಕ್ಷರ ವಕ್ರವಾಗಿದ್ದರೆ ಅದಕ್ಕೇ.

ಗುರುವಾರ ಬೆಳಿಗ್ಗೆ ಕೆಲಸದಲ್ಲಿದ್ದೆ.

ನೀನು ಬಾರಿಸಿದ್ದು ಒಳ್ಳೆಯದಾಯಿತು. ನಿನ್ನ ಕಾಗದವನ್ನು ತುಂಬ ಸಲ ಓದಿದೆ. ಚಪ್ಪಲಿ ಬಿಟ್ಟು ಓಡಿದ್ದು, ಹಿಟ್ಟಿನ ಕೈ, ಎಲ್ಲ. ಇನ್ನು ಮೇಲೆ ನನಗೆ ಉಣ್ಣೆ ಬೇಡ, ತಿಂಡಿಯೂ ಬೇಡ. ಅದು ನಿಂತಾಗಲೆಲ್ಲ ಯಾರು ಬಾರಿಸಿದರು, ಯಾರು ಬಂದರು, ಯಾರು ಏನು ಅಂದರು ಎಂದು ಬರೆ. ಬೇರೆ ಸುದ್ದಿ ಇರದಿದ್ದರೂ ಪರವಾಗಿಲ್ಲ.

ಕ್ವಿರಿನ್


ಹೋನ್‌ಶೈಡ್
೨೧ ಮೇ ೧೯೧೭
(ಅಂಚೆಗೆ ಹಾಕದ್ದು)

ಕ್ವಿರಿನ್,

ಗಿರಣಿಮನೆಯ ವೆಂಡೆಲ್ ಬಂದಿದ್ದಾನೆ. ಎಡಗೈ ಇಲ್ಲ. ಇವತ್ತು ನಮ್ಮ ಅಡುಗೆಮನೆಯಲ್ಲಿ ಕೂತು ಬಾರ್ಲಿ ಕಾಫಿ ಕುಡಿಯುತ್ತಿದ್ದ. ಸರದಿ ಮತ್ತೆ ನಮ್ಮದಿತ್ತು. ಅತ್ತೆ ಕೆಳಗಿನಿಂದ “ನಿಂತಿತು!” ಅಂದರು. ನಾನು ಎದ್ದೆ. ವೆಂಡೆಲ್ ಇದ್ದೊಂದು ಕೈಯಲ್ಲಿ ನನ್ನ ಏಪ್ರನ್ನಿನ ಪಟ್ಟಿ ಹಿಡಿದುಕೊಂಡ.

“ಎಲ್ಲಿಗೆ ಓಡ್ತೀಯಾ?”

“ಗಂಟೆ ಬಾರಿಸೋಕೆ ಕಣೋ. ನಿಂತಿತಲ್ಲ, ದೇವರಿಗೆ ಒಂದು ವಂದನೆ ಬೇಡ್ವಾ?”

ಅವನು ಮೊದಲು ನಕ್ಕ. ಆಮೇಲೆ ನಗು ಎಲ್ಲೋ ಸಿಕ್ಕಿಕೊಂಡಿತು. “ನಿಂತಿಲ್ಲ ಲೋನಿ. ಗುಂಡಿನ ಮಳೆ ನಮ್ಮ ತಲೆ ದಾಟಿ ಹಿಂದಕ್ಕೆ ಹೋಗಿದೆ. ಚೆದುರಿ ಹೋಗಿದ್ದಕ್ಕೆ ನಿಮ್ಮ ಆಲೂಗಡ್ಡೆಗೆ ಕೇಳ್ತಿಲ್ಲ, ಅಷ್ಟೇ.”

“ಹಾಗಂದ್ರೆ?”

“ಅದು ತಲೆ ಮೇಲೆ ಇರೋವರೆಗೂ ನಾವು ನೆಲದಡಿ ಇರ್ತೀವಿ. ತಲೆ ಮೇಲಿಂದ ಎದ್ದ ಕೂಡ್ಲೇ ಫ್ರೆಂಚರು ಎದ್ದು ಬರ್ತಾರೆ, ಓಡ್ಕೊಂಡು. ನಾವು ಮೆಟ್ಲು ಹತ್ತೋದು ಮೊದ್ಲೋ, ಅವ್ರು ಬಾಗಿಲಿಗೆ ಬರೋದು ಮೊದ್ಲೋ. ಅಷ್ಟೇ ಆಟ. ನನ್ನ ಕೈ ಹೋಗಿದ್ದು ನೀವೆಲ್ಲ ಮಂಡಿಯೂರೋ ಆ ಹೊತ್ತಿನಲ್ಲೇ.”

“ಕ್ವಿರಿನ್ ಹಿಂದುಗಡೆ ಇದ್ದಾನೆ. ಛಾವಣಿ ಹೊದಿಸ್ತಾನೆ.”

“ಮಾರಾಯ್ತಿ, ಅಲ್ಲಿ ಛಾವಣಿ ಅನ್ನೋದೇ ಒಂದೂ ಉಳಿದಿಲ್ಲ. ಏನು ಹೊದಿಸ್ತಾನೆ?” ಅಂದ. ಅಂದ ಮೇಲೆ ಹೇಳಬಾರದಿತ್ತು ಅನ್ನಿಸಿರಬೇಕು, ಕಾಫಿ ಬಿಟ್ಟು ಎದ್ದುಹೋದ.

ನಾನು ಹೋಗಿ ಬಾರಿಸಿದೆ. ಬಾರಿಸದಿದ್ದರೆ ಎಲ್ಲರಿಗೂ ಯಾಕೆಂದು ಹೇಳಬೇಕಾಗುತ್ತಿತ್ತು. ಎಲ್ಲರೂ ನಗುನಗುತ್ತ ಗುಡ್ಡ ಹತ್ತಿ ಬಂದರು. ಅವರ ನಡುವೆ ಕೂತು ತುಟಿ ಅಲ್ಲಾಡಿಸಿದೆ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ನಾನು ಹಿಂದೆಂದೂ ಕೂತವಳಲ್ಲ.

ಆ ಗುರುವಾರ ನಾನು ನಗು ತಡೆಯುತ್ತ ಜಪ ಮಾಡಿದ್ದೆ. “ಕೆಲಸದಲ್ಲಿದ್ದೆ” ಅಂತ ನೀನು ಬರೆದಿದ್ದೆ. ಸಿಟ್ಟು ಬರುತ್ತದೆ ಕ್ವಿರಿನ್. ನಿನ್ನ ಮೇಲೆ, ನನ್ನ ಮೇಲೆ, ಆ ಪೆನ್ಸಿಲ್ ಮೇಲೆ.

ಇದನ್ನು ಕಳಿಸಲಾರೆ. ನಾನು ಇಲ್ಲಿ ಏನೂ ತಿಳಿಯದೆ ಗಂಟೆ ಬಾರಿಸುತ್ತಿದ್ದೇನೆ ಎಂಬುದು ನಿನಗೆ ಬೇಕಾಗಿದೆ. ಬೇರೇನೂ ಬೇಡ ಅಂತ ಬರೆದಿದ್ದೀಯಲ್ಲ. ಅದೊಂದನ್ನೂ ನಿನ್ನಿಂದ ಕಿತ್ತುಕೊಂಡು ನಾನೇನು ಮಾಡಲಿ?


ಹೋನ್‌ಶೈಡ್
೨೨ ಮೇ ೧೯೧೭

ಪ್ರೀತಿಯ ಕ್ವಿರಿನ್,

ನಿನ್ನೆ ನಿಂತಿತು, ನಾನೇ ಬಾರಿಸಿದೆ. ಈ ಸಲ ಚಪ್ಪಲಿ ಹಾಕಿಕೊಂಡು. ಎಲ್ಲರೂ ಬಂದಿದ್ದರು. ಕಮ್ಮಾರರ ಮನೆಯಾಕೆ ಜಪದ ನಡುವೆ ತೂಕಡಿಸಿ ಅತ್ತೆಯ ಭುಜದ ಮೇಲೆ ಬಿದ್ದಳು. ಅತ್ತೆ ಅಂದರು, “ದೇವರ ಮೇಲೆ ಬೀಳೇ, ನನ್ನ ಮೇಲಲ್ಲ.” ವೆಂಡೆಲ್ ಊರಿಗೆ ಬಂದಿದ್ದಾನೆ, ಚೆನ್ನಾಗಿದ್ದಾನೆ, ಹೆಚ್ಚು ಮಾತಿಲ್ಲ.

ನಿನ್ನ ಛಾವಣಿಗಳು ಸೋರದಿರಲಿ.

ನಿನ್ನ ಲೋನಿ


ಯುದ್ಧಭೂಮಿ
೧೦ ಜೂನ್ ೧೯೧೭

ನನ್ನ ಲೋನಿ,

ರಜೆ ಕೇಳಿದ್ದೆ. ಇಲ್ಲ ಅಂದರು. ಸುಗ್ಗಿಯ ನಂತರ ನೋಡೋಣ ಅಂದರು, ಯಾರ ಸುಗ್ಗಿಯೋ.

ಅಮ್ಮ ದೇವರ ಹೆಸರು ಹೇಳಿ ಕಮ್ಮಾರರ ಮನೆಯಾಕೆಯನ್ನು ತಳ್ಳಿದ್ದನ್ನು ಗೆಳೆಯರಿಗೆಲ್ಲ ಓದಿ ಹೇಳಿದೆ. ಒಬ್ಬ ಅತ್ತ. ಯಾಕೆ ಅಂತ ಅವನಿಗೇ ಗೊತ್ತಿರಲಿಲ್ಲ.

ಒಂದು ವಿಷಯ ಹೇಳುತ್ತೇನೆ, ನಗಬೇಡ. ಅದು ನಿಂತಾಗ ಇಲ್ಲಿ ಯಾರೂ ಮಾತಾಡುವುದಿಲ್ಲ. ಹಿಂದುಗಡೆ ಇರುವ ನಮಗೂ ಅದು ತಿಳಿಯುತ್ತದೆ. ಎಷ್ಟೊಂದು ಜನ ಒಟ್ಟಿಗೆ ಇರುತ್ತೇವೆ, ಆದರೂ ಆ ಗಳಿಗೆಯಲ್ಲಿ ಪ್ರತಿಯೊಬ್ಬನೂ ಒಬ್ಬನೇ. ಪಕ್ಕದವನ ಮುಖವನ್ನೂ ನೋಡುವುದಿಲ್ಲ. ಆಗ ನಾನು, ‘ಈಗ ಹೋನ್‌ಶೈಡಿನಲ್ಲಿ ಯಾರೋ ಹಗ್ಗದ ಕಡೆ ಓಡುತ್ತಿದ್ದಾರೆ’ ಅಂದುಕೊಳ್ಳುತ್ತೇನೆ. ಚಪ್ಪಲಿಯ ಟಕಟಕ, ಆಮೇಲೆ ಆನ್ನಾಳ ಒಡಕು ದನಿ. ನಂಬುವೆಯೋ ಇಲ್ಲವೋ, ಕಾಲು ತಾನಾಗಿ ಮೇಲೇಳುತ್ತದೆ. ಎಷ್ಟೇ ಹೊತ್ತಾಗಿರಲಿ, ಈ ಜಗತ್ತಿನಲ್ಲಿ ಒಂದು ಊರಿಗೆ ಆ ಗಳಿಗೆ ಒಳ್ಳೆಯದು. ನನಗೆ ಅಷ್ಟು ಸಾಕು.

ಬಾರಿಸುವುದನ್ನು ನಿಲ್ಲಿಸಬೇಡಿ.

ಕ್ವಿರಿನ್


ಹೋನ್‌ಶೈಡ್
೧೫ ಜುಲೈ ೧೯೧೭

ಪ್ರೀತಿಯ ಕ್ವಿರಿನ್,

ಬುಧವಾರ ನಿಂತಿತು. ಬಾರಿಸಿದೆ. ಈ ನಡುವೆ ನಾನೇ ಬಾರಿಸುತ್ತೇನೆ, ಉಳಿದವರಿಗೆ ಹುಲ್ಲು ಕೊಯ್ಯುವ ಕೆಲಸ. ಆನ್ನಾಳ ಗಂಟಲು ಬೇಸಿಗೆಗೆ ತುಂಬ ಸುಧಾರಿಸಿದೆ. ನೆಗಡಿ ಪೂರಾ ಹೋಗಿದೆ, ಹುಡುಗಿಯಂತೆ ಹಾಡುತ್ತಾಳೆ. ಎಲ್ಲರೂ ಬಂದಿದ್ದರು. ಹೂವು ತಂದಿದ್ದರು. ಪಾದ್ರಿಗಳು ಚಿಕ್ಕ ಪ್ರವಚನ ಮಾಡಿದರು. ಬಿಸಿಲು ಚೆನ್ನಾಗಿತ್ತು.

ಅತ್ತೆಗೆ ಮೊಣಕಾಲು ನೋವು. ನೆಲಮಾಳಿಗೆಗೆ ಈಗ ನಾನೇ ಇಳಿಯುತ್ತೇನೆ. ಅಲ್ಲಿ ತಂಪು. ಹೊಲಿಗೆ ತೆಗೆದುಕೊಂಡು ಹೋಗಿ ಕೂರುತ್ತೇನೆ.

ನಿನ್ನ ಲೋನಿ


ಹೋನ್‌ಶೈಡ್
೨೦ ಆಗಸ್ಟ್ ೧೯೧೭

ಕ್ವಿರಿನ್,

ಇಷ್ಟು ದೀರ್ಘವಾಗಿ ಎಂದೂ ಇರಲಿಲ್ಲ. ಕಳೆದ ವಾರಪೂರ್ತಿ, ಹಗಲೂ ರಾತ್ರಿ. ಬೋಗುಣಿಗಳನ್ನು ಕಪಾಟಿನಿಂದ ಇಳಿಸಿ ನೆಲದ ಮೇಲೆ ಬಟ್ಟೆ ಹಾಸಿ ಇಟ್ಟೆ. ಇವತ್ತು ಬೆಳಗಾಗುವಾಗ ನಿಂತಿತು.

ಬಾರಿಸಿದೆ. ನಿನಗೆ ಕೇಳಬೇಕು ಅನ್ನುವಷ್ಟು ಬಾರಿಸಿದೆ.

ಬರೆ.

ಲೋನಿ


ಹೋನ್‌ಶೈಡ್
೯ ಸೆಪ್ಟೆಂಬರ್ ೧೯೧೭

ಕ್ವಿರಿನ್,

ಅಂಚೆಯಣ್ಣ ನಮ್ಮ ಬಾಗಿಲ ಮುಂದೆ ಸೈಕಲ್ ನಿಧಾನ ಮಾಡುವುದನ್ನು ಬಿಟ್ಟಿದ್ದಾನೆ. ಅತ್ತೆ ಅವನ ಹಿಂದೆ ಕೂಗುತ್ತಾರೆ. “ಏನೋ, ಕಾಗದ ತಿಂದು ಬದುಕ್ತಿದೀಯಾ?” ಪೆನ್ಸಿಲ್ ಕಳೆದಿದ್ದರೆ ಯಾರದಾದರೂ ಕೇಳಿ ತೆಗೆದುಕೋ. ಒಂದು ಗೆರೆ ಎಳೆದು ಕಳಿಸಿದರೂ ಆಗುತ್ತದೆ.

ಲೋನಿ


ಯುದ್ಧಭೂಮಿ
೧೬ ಸೆಪ್ಟೆಂಬರ್ ೧೯೧೭

ಲೋನಿ,

ಬದುಕಿದ್ದೇನೆ. ಎರಡು ಕೈ, ಎರಡು ಕಾಲು. ಎಡಗಿವಿ ಕೇಳುವುದಿಲ್ಲ, ಬರುತ್ತದೆ ಅನ್ನುತ್ತಾರೆ. ಅಂಚೆ ನಿಲ್ಲಿಸಿದ್ದರು, ನಿನ್ನ ಕಾಗದಗಳೆಲ್ಲ ಒಟ್ಟಿಗೆ ಬಂದವು.

ನಮ್ಮೂರಿನ ಕಾಸ್ಪರ್ ನಿನ್ನೆ ರಜೆ ಮುಗಿಸಿ ನಮ್ಮ ತುಕಡಿಗೆ ಬಂದ. ಊರಿನವನು ಸಿಕ್ಕಿದನಲ್ಲ ಅಂತ ಖುಷಿಯಲ್ಲಿ ಕೇಳಿದೆ: “ಆನ್ನಾಳ ನೆಗಡಿ ಹೋಯ್ತಂತೆ, ಹೌದೇನೋ?”

“ಯಾವ ಆನ್ನಾ?”

“ಗಂಟೆ ಕಣೋ, ಗುಡ್ಡದ ಮೇಲಿಂದು.”

“ಗಂಟೆ ಎಲ್ಲಿದೆ? ಅದನ್ನ ಜೂನ್ ತಿಂಗಳಲ್ಲೇ ಇಳಿಸಿ ಗಾಡಿಗೆ ಹಾಕ್ಕೊಂಡು ಹೋದ್ರಲ್ಲ, ಕರಗಿಸಿ ಗುಂಡು ಮಾಡೋಕೆ. ಹೆಂಗಸ್ರು ಹೂಮಾಲೆ ಹಾಕಿ ಅತ್ರಂತೆ. ನಿಮ್ಮಮ್ಮ ಗಾಡಿ ಚಕ್ರಕ್ಕೆ ಉಗಿದ್ಲಂತೆ. ಆಮೇಲೆ ಅಲ್ಲಿಗೆ ಯಾರೂ ಹೋಗಲ್ಲ.”

ರಾತ್ರಿ ನಿನ್ನ ಕಾಗದಗಳನ್ನು ಮತ್ತೆ ತೆಗೆದು ನೋಡಿದೆ. ಜುಲೈಯಲ್ಲಿ ಬಾರಿಸಿದ್ದೀಯಾ. ಆಗಸ್ಟಿನಲ್ಲಿ ಬಾರಿಸಿದ್ದೀಯಾ. ಇಲ್ಲದ ಗಂಟೆಯನ್ನು ದೇವರಿಗಾಗಿ ಬಾರಿಸುವುದಕ್ಕೆ ಆಗುವುದಿಲ್ಲ ಲೋನಿ. ನನಗಾಗಿ ಬಾರಿಸಿದ್ದೀಯಾ. ಅಂದರೆ ಅದು ನಿಂತರೆ ಏನಾಗುತ್ತದೆ ಎಂದು ನಿನಗೆ ಗೊತ್ತು. ವೆಂಡೆಲ್ ಹೇಳಿರಬೇಕು. “ಹೆಚ್ಚು ಮಾತಿಲ್ಲ” ಅಂತ ಬರೆದೆಯಲ್ಲ, ಕಳ್ಳಿ.

ನಾನೂ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಮೇಲೆ ಒಂದು ಹೆಂಚು ಮುಟ್ಟಿಲ್ಲ. ಆಗಸ್ಟಿನ ಆ ಸೋಮವಾರ ಬೆಳಗಿನ ಜಾವ ಅದು ನಮ್ಮ ಮೇಲಿಂದ ಎದ್ದಾಗ ನಾನು ಮೆಟ್ಟಿಲ ಮೇಲೆ ಮೊದಲನೆಯವನಾಗಿದ್ದೆ. ಭಯವಾಗಿತ್ತು, ತುಂಬ. ಆನ್ನಾಳ ದನಿಯನ್ನು ನೆನಪು ಮಾಡಿಕೊಂಡೇ ಎದ್ದೆ. ಆ ಹೊತ್ತಿಗೆ ಅವಳು ಎಲ್ಲಿ ಯಾವ ಫಿರಂಗಿಯ ಹೊಟ್ಟೆಯಲ್ಲಿದ್ದಳೋ.

ಇನ್ನು ನನಗೆ ಆ ಗಳಿಗೆಯಲ್ಲಿ ನೆನೆಯಲು ಏನಿದೆ? ಬೈಯುತ್ತಿಲ್ಲ, ಕೇಳುತ್ತಿದ್ದೇನೆ. ಗಂಟೆ ಬಾರಿಸಿದೆ ಅಂತ ಮತ್ತೆ ಬರೆಯಬೇಡ. ನಿಜವಾಗಿ ನೀನು ಏನು ಮಾಡುತ್ತಿದ್ದೆ ಅದನ್ನು ಬರೆ.

ಕ್ವಿರಿನ್


ಹೋನ್‌ಶೈಡ್
೩೦ ಸೆಪ್ಟೆಂಬರ್ ೧೯೧೭

ನನ್ನ ಕ್ವಿರಿನ್,

ನಿನ್ನ ಕಾಗದ ಬಂದ ದಿನ ಅತ್ತೆ ಅಂಚೆಯಣ್ಣನಿಗೆ ಒಂದು ಮೊಟ್ಟೆ ಕೊಟ್ಟರು. ಈ ಕಾಲದಲ್ಲಿ, ಒಂದು ಇಡೀ ಮೊಟ್ಟೆ. ಆಮೇಲೆ ಒಲೆಯ ಕಡೆ ತಿರುಗಿ ಅತ್ತರು.

ನಿಜ ಕೇಳಿದ್ದೀಯಾ, ಬರೆಯುತ್ತೇನೆ. ಆನ್ನಾಳನ್ನು ಒಯ್ದ ಮೇಲೆ ಮೊದಲ ಸಲ ಅದು ನಿಂತಾಗ ನಾನು ನೆಲಮಾಳಿಗೆಯಲ್ಲಿದ್ದೆ. ಎಲ್ಲಿಗೆ ಓಡಬೇಕೋ ತಿಳಿಯಲಿಲ್ಲ. ಅಂಗಳಕ್ಕೆ ಬಂದೆ. ಊರು ತನ್ನ ಪಾಡಿಗೆ ಹುಲ್ಲು ಕೊಯ್ಯುತ್ತಿತ್ತು. ನಿನ್ನ ಕಾಲು ಮೇಲೇಳಬೇಕಲ್ಲ ಎಂಬುದೊಂದೇ ತಲೆಯಲ್ಲಿತ್ತು. ಹಟ್ಟಿಯ ಹಿಂದೆ ಹೋಗಿ ನಿನ್ನ ಸುತ್ತಿಗೆ ತೆಗೆದುಕೊಂಡು ನಿನ್ನ ಹೆಂಚುಗಳನ್ನು ಒಂದೊಂದೇ ಎತ್ತಿ ತಟ್ಟಿದೆ. ಕೆಲವು ಹಾಡಿದವು, ನೀನು ಆರಿಸಿದ್ದಲ್ಲವೇ. ಅತ್ತೆ ಜಾಡಿಯ ಮೇಲಿಟ್ಟಿದ್ದ ಹೆಂಚೇ ಎಲ್ಲಕ್ಕಿಂತ ಚೆನ್ನಾಗಿ ಹಾಡಿತು. ಅದನ್ನು ಮೊಳೆಯ ತೂತಿಗೆ ದಾರ ಪೋಣಿಸಿ ಆಕ್ರೋಡು ಮರಕ್ಕೆ ಕಟ್ಟಿದೆ. ಹುಡುಗಿಯಂತೆ ಹಾಡುತ್ತಾಳೆ ಎಂದು ಬರೆದದ್ದು ಸುಳ್ಳಲ್ಲ. ಹೂವು, ಪಾದ್ರಿಗಳು, ಜನ, ಅದೆಲ್ಲ ಸುಳ್ಳು. ಯಾರೂ ಬರುವುದಿಲ್ಲ. ನಾನೊಬ್ಬಳೇ ಬಾರಿಸುತ್ತೇನೆ. ಒಮ್ಮೆ ಮಾತ್ರ ವೆಂಡೆಲ್ ಬೇಲಿಯಾಚೆ ಬಂದು ಟೋಪಿ ತೆಗೆದು ನಿಂತಿದ್ದ.

ಇನ್ನು ಮೇಲೆ ಇದನ್ನು ನೆನೆದುಕೋ. ದೇವರಿಗೆ ವಂದನೆ ಹೇಳಲು ಅಲ್ಲ, ಆ ಗಳಿಗೆಯಲ್ಲಿ ನೀನು ಒಬ್ಬನೇ ಎಂದು ಬರೆದಿದ್ದೀಯಲ್ಲ, ಅದಕ್ಕೆ ಬಾರಿಸುತ್ತೇನೆ. ನಿಂತ ಗಳಿಗೆಯಿಂದ ಕತ್ತಲಾಗುವವರೆಗೂ ಬಾರಿಸುತ್ತೇನೆ.

ಇವತ್ತು ಬೆಳಿಗ್ಗೆ ಮತ್ತೆ ನಿಂತಿದೆ. ಕೈ ನೋಯುತ್ತದೆ, ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಅದಕ್ಕೇ. ಅತ್ತೆ ಕಿಟಕಿಯಿಂದ ಕೂಗುತ್ತಿದ್ದಾರೆ. “ಸಾಕು ಮಾಡೇ, ಒಡೆದು ಹೋಗುತ್ತೆ!” ಒಡೆದರೆ ಇನ್ನೊಂದನ್ನು ಕಟ್ಟುತ್ತೇನೆ. ನೀನು ಬಂದು ಹಟ್ಟಿಗೆ ಹೊದಿಸುವಾಗ ಹೆಂಚು ಕಡಿಮೆ ಬಿದ್ದರೆ ನನ್ನನ್ನು ಬೈಯಬೇಡ.

ನಿನ್ನ ಲೋನಿ